ಬ್ರಿಟಿಷ್ ಗಾಯಕಿ ರೇ ಇಷ್ಟು ಬೇಗ ಇಷ್ಟು ದೊಡ್ಡ ಹೆಸರಾಗಿದ್ದು ಹೇಗೆ?

ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಪ್ರಶಸ್ತಿಯ ಸುದ್ದಿ ಬಂದಾಗಲೇ ರೇ ಎಂಬ ಹೆಸರನ್ನು ಮೊದಲ ಸಲ ಕೇಳಿದೆ, ಒಂದೇ ರಾತ್ರಿ ಆರು ಪ್ರಶಸ್ತಿ ಗೆಲ್ಲುವಷ್ಟು ಬೇಗ ಬೆಳೆದದ್ದು ಹೇಗೆ ಎಂದು ಕೇಳಿದ್ದೀರಿ. ಬೇಗ ಆಗಲಿಲ್ಲ ಕಣ್ರೀ. ತುಂಬಾ ತಡವಾಯಿತು. ತಡ ಮಾಡಿದ್ದು ಅವರಲ್ಲ, ಅಷ್ಟೇ.

ಅವರ ಪೂರ್ತಿ ಹೆಸರು ರೇಚೆಲ್ ಅಗಾಥಾ ಕೀನ್. ಹುಟ್ಟಿದ್ದು 1997ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ದಕ್ಷಿಣ ಭಾಗದಲ್ಲಿರುವ ಟೂಟಿಂಗ್‌ನಲ್ಲಿ. ಬೆಳೆದದ್ದು ಕ್ರಾಯ್ಡನ್‌ನಲ್ಲಿ. ಅಪ್ಪ ಇಂಗ್ಲೆಂಡಿನವರು, ಅಮ್ಮನ ಬೇರು ಘಾನಾ ಮತ್ತು ಸ್ವಿಟ್ಜರ್ಲೆಂಡಿನಲ್ಲಿದೆ. ಗಾಯಕಿಯರಾದ ಅಡೆಲ್, ಏಮಿ ವೈನ್‌ಹೌಸ್ ಓದಿದ ಬ್ರಿಟ್ ಸ್ಕೂಲ್ ಎಂಬ ಕಲಾಶಾಲೆಗೇ ರೇ ಕೂಡ ಸೇರಿದ್ದರು, ಆದರೆ ಓದು ಮುಗಿಸುವ ಮೊದಲೇ ಬಿಟ್ಟರು. 2014ರಲ್ಲಿ ತಾವೇ ಕೆಲವು ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕಿದರು. ಅದೇ ವರ್ಷ ಪಾಲಿಡೋರ್ ಎಂಬ ದೊಡ್ಡ ಮ್ಯೂಸಿಕ್ ಕಂಪನಿ ಅವರ ಜೊತೆ ನಾಲ್ಕು ಆಲ್ಬಮ್‌ಗಳ ಒಪ್ಪಂದ ಮಾಡಿಕೊಂಡಿತು. ಆಗ ಅವರಿಗೆ ಬರೀ 17 ವರ್ಷ.

ಇಂಥ ಒಪ್ಪಂದ ಹೇಗಿರುತ್ತದೆ ಅಂತ ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ. ಕಂಪನಿ ಮುಂಗಡ ಹಣ ಕೊಡುತ್ತದೆ, ರೆಕಾರ್ಡಿಂಗ್ ಖರ್ಚು ನೋಡಿಕೊಳ್ಳುತ್ತದೆ. ಅದಕ್ಕೆ ಬದಲಾಗಿ ರೆಕಾರ್ಡಿಂಗ್‌ನ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದಾಗುತ್ತದೆ. ಹಾಡು ಬಿಡುಗಡೆ ಆಗಬೇಕೋ ಬೇಡವೋ ಎನ್ನುವ ಮಾತೂ ಬಹುತೇಕ ಕಂಪನಿಯ ಕೈಯಲ್ಲೇ. ಹಾಡುಗಾರ್ತಿ ಬೇರೆ ಕಡೆ ಹೋಗಿ ಆಲ್ಬಮ್ ಮಾಡುವ ಹಾಗಿಲ್ಲ. ಸುಮ್ನೆ ಕಾಯಬೇಕು.

ರೇ ಏಳು ವರ್ಷ ಕಾದರು. ಕೈಕಟ್ಟಿ ಕೂತಿದ್ದರು ಅಂತಲ್ಲ. 2016ರಲ್ಲಿ ಡಿಜೆ ಜಾಕ್ಸ್ ಜೋನ್ಸ್ ಜೊತೆ ಹಾಡಿದ 'ಯೂ ಡೋಂಟ್ ನೋ ಮಿ' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಆ ಹಾಡನ್ನು ಜಿಮ್‌ನಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ, ದನಿ ಯಾರದ್ದು ಅಂತ ಗೊತ್ತೇ ಇರಲಿಲ್ಲ. ಪಾರ್ಟಿ ಹಾಡುಗಳಲ್ಲಿ ಹಾಗೇ ಅಲ್ವಾ, ಡಿಜೆ ಹೆಸರು ಮುಂದೆ, ಹಾಡಿದವರ ಹೆಸರು ಹಿಂದೆ. ಜೊತೆಗೆ ಬೇರೆಯವರಿಗೂ ಹಾಡು ಬರೆದುಕೊಟ್ಟರು. ಬಿಯಾನ್ಸೆ 2019ರಲ್ಲಿ ಹಾಡಿದ 'ಬಿಗರ್' ಬರೆದವರಲ್ಲಿ ರೇ ಕೂಡ ಒಬ್ಬರು. ಬಿಯಾನ್ಸೆಗೆ ಹಾಡು ಬರೆಯಬಲ್ಲವರಿಗೆ ತಮ್ಮದೇ ಒಂದು ಪೂರ್ತಿ ಆಲ್ಬಮ್ ಇಲ್ಲ! ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

2021ರ ಜೂನ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. 2014ರಿಂದ ನಾಲ್ಕು ಆಲ್ಬಮ್‌ಗಳ ಒಪ್ಪಂದದಲ್ಲಿದ್ದೇನೆ, ಒಂದನ್ನೂ ಹೊರತರಲು ಬಿಟ್ಟಿಲ್ಲ ಎಂದು ಬರೆದರು. ಆಗಷ್ಟೇ ಡಿಜೆಗಳಾದ ಜೋಯಲ್ ಕೋರಿ, ಡೇವಿಡ್ ಗೆಟಾ ಜೊತೆಗಿನ 'ಬೆಡ್' ಹಾಡು ದೊಡ್ಡ ಹಿಟ್ ಆಗಿತ್ತು. ಅಂಥ ಹೊತ್ತಿನಲ್ಲಿ ಕಂಪನಿಯನ್ನು ಬಹಿರಂಗವಾಗಿ ಎದುರು ಹಾಕಿಕೊಳ್ಳುವುದು ಸಣ್ಣ ಮಾತಲ್ಲ. ಕೆಲವೇ ವಾರಗಳಲ್ಲಿ ರೇ ಪಾಲಿಡೋರ್‌ನಿಂದ ಬೇರೆಯಾದರು.

ಆಮೇಲೆ ಹೊಸ ಕಂಪನಿ ಹುಡುಕಲಿಲ್ಲ. ಸ್ವತಂತ್ರವಾಗಿ ನಿಂತರು. ಹಾಡುಗಳನ್ನು ಜನರಿಗೆ ತಲುಪಿಸುವ ಕೆಲಸವನ್ನಷ್ಟೇ ಒಂದು ವಿತರಣಾ ಸಂಸ್ಥೆಗೆ ಕೊಟ್ಟು, ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡರು. 2022ರ ಅಕ್ಟೋಬರ್‌ನಲ್ಲಿ 'ಎಸ್ಕೇಪಿಸಂ' ಬಂತು. ಮನಸ್ಸು ಮುರಿದ ಹುಡುಗಿಯೊಬ್ಬಳು ನೋವು ಮರೆಯಲು ಕುಡಿದು ಅಲೆಯುವ ಒಂದು ರಾತ್ರಿಯ ಕಥೆ ಅದು. ಟಿಕ್‌ಟಾಕ್‌ನಲ್ಲಿ ಹಬ್ಬಿ ಹಬ್ಬಿ, 2023ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ 1ನೇ ಸ್ಥಾನಕ್ಕೆ ಬಂತು. ಅವರ ಮೊದಲ ನಂಬರ್ ಒನ್.

ಫೆಬ್ರವರಿಯಲ್ಲಿ ಕೊನೆಗೂ ಮೊದಲ ಆಲ್ಬಮ್, 'ಮೈ 21ಸ್ಟ್ ಸೆಂಚುರಿ ಬ್ಲೂಸ್'. ಅದರಲ್ಲಿ 'ಐಸ್ ಕ್ರೀಮ್ ಮ್ಯಾನ್' ಅಂತ ಒಂದು ಹಾಡಿದೆ. ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ರೇ ಅದರಲ್ಲಿ ಹಾಡಿದ್ದಾರೆ. ದನಿ ಏರಿಸುವುದಿಲ್ಲ, ಎದುರಿಗೆ ಕೂತು ಹೇಳಿದ ಹಾಗಿದೆ. ಅದನ್ನು ಕೇಳಿ ಮುಗಿಸಿದ ತಕ್ಷಣ ಬೇರೆ ಹಾಡು ಹಾಕಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ನೀವು ಹೇಳಿದ ಆ ರಾತ್ರಿ 2024ರ ಮಾರ್ಚ್ 2. ಏಳು ನಾಮನಿರ್ದೇಶನದಲ್ಲಿ ಆರು ಗೆದ್ದರು. ಅದಕ್ಕೂ ಮೊದಲು ಒಂದೇ ರಾತ್ರಿಯ ದಾಖಲೆ ನಾಲ್ಕು. ಬ್ಲರ್ ಬ್ಯಾಂಡ್, ಅಡೆಲ್, ಗಾಯಕ ಹ್ಯಾರಿ ಸ್ಟೈಲ್ಸ್ ಅದನ್ನು ಹಂಚಿಕೊಂಡಿದ್ದರು. ವರ್ಷದ ಗೀತರಚನೆಕಾರರ ಪ್ರಶಸ್ತಿಯನ್ನು ಒಬ್ಬ ಮಹಿಳೆ ಗೆದ್ದದ್ದು ಅದೇ ಮೊದಲು. ವರ್ಷದ ಆಲ್ಬಮ್ ಪ್ರಶಸ್ತಿ ತೆಗೆದುಕೊಳ್ಳುವಾಗ ಅಜ್ಜಿಯನ್ನೂ ವೇದಿಕೆಗೆ ಕರೆತಂದರು, ಅಳುತ್ತಲೇ ಮಾತಾಡಿದರು. ನನಗೂ ಕಣ್ಣು ತುಂಬಿ ಬಂತು. ಹೊಸ ಕಲಾವಿದೆ ಪ್ರಶಸ್ತಿಯೂ ಅವತ್ತೇ ಬಂತು, ಹತ್ತು ವರ್ಷದಿಂದ ಹಾಡುತ್ತಿದ್ದವರಿಗೆ.

ಆಮೇಲೆ 2025ರ ಗ್ರ್ಯಾಮಿಗೂ ನಾಮನಿರ್ದೇಶನವಾಯಿತು, ಆ ಸಲ ಗೆಲ್ಲಲಿಲ್ಲ. ಹಾಡು ಬರೆಯುವವರಿಗೆ ರೆಕಾರ್ಡಿಂಗ್ ಆದಾಯದಲ್ಲೂ ಪಾಲು ಸಿಗಬೇಕು ಎಂದು ಈಗಲೂ ಕೇಳುತ್ತಲೇ ಇದ್ದಾರೆ. ಬೇರೆಯವರಿಗೆ ಬರೆದುಕೊಟ್ಟೇ ಬದುಕಿದವರ ಮಾತು ಅದು.

ಎಲ್ಲಿಂದ ಶುರು ಮಾಡಬೇಕು ಅಂದರೆ, 2023ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಕಛೇರಿಯ ಲೈವ್ ರೆಕಾರ್ಡಿಂಗ್ ಕೇಳಿ. ಹೆರಿಟೇಜ್ ಆರ್ಕೆಸ್ಟ್ರಾ ಇದೆ, ದೊಡ್ಡ ಗಾಯನವೃಂದ ಇದೆ. 'ಎಸ್ಕೇಪಿಸಂ' ಅಲ್ಲಿ ಬೇರೆಯದೇ ಹಾಡು ಅನ್ನಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು, ದೀಪ ಆರಿಸಿ ಕೇಳಿ.