ಬಯಾಪ್ಸಿ ವರದಿಯಲ್ಲಿ ‘ಇಎಂಟಿ’ ಎಂದಿದ್ದರೆ ಕ್ಯಾನ್ಸರ್ ಹರಡಿದೆ ಎಂದರ್ಥವೇ?

ಯಾದಗಿರಿಯಿಂದ ಕೇಳಿದ್ದೀರಿ: ತಂದೆಯವರ ಕೆನ್ನೆಯೊಳಗಿನ ಹುಣ್ಣಿನ ವರದಿಯಲ್ಲಿ ‘ಇ-ಕ್ಯಾಡ್ಹೆರಿನ್ ಕಡಿಮೆ, ವೈಮೆಂಟಿನ್ ಪಾಸಿಟಿವ್, ಇಎಂಟಿ ಲಕ್ಷಣ’ ಎಂದಿದೆ, ಆಗಲೇ ಹರಡಿಬಿಟ್ಟಿದೆಯೇ ಎಂದು. ಆ ಸಾಲು ಅಷ್ಟು ಹೇಳುವುದಿಲ್ಲ. ಇಎಂಟಿ ಎಂದರೆ ಎಪಿಥೀಲಿಯಲ್-ಮೆಸೆಂಕೈಮಲ್ ಟ್ರಾನ್ಸಿಷನ್: ಒತ್ತಿ ಕೂತ ಪದರದ ಕೋಶ ಅಲೆದಾಡುವ ಕೋಶದ ರೂಪ ತಾಳುವುದು. ಗಡ್ಡೆಯ ಕೆಲವು ಕೋಶಗಳಿಗೆ ಕಟ್ಟು ಬಿಚ್ಚಿಕೊಂಡು ಹೊರಡುವ ಗುಣ ಬಂದಿದೆ ಎನ್ನುತ್ತದೆ, ಅಷ್ಟೇ.

ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಫರ್ಸಿ ಹಾಸಿರುತ್ತದಲ್ಲ, ಬಾಯಿಯ ಒಳಪದರವೂ ಹಾಗೆಯೇ. ಕೋಶಕ್ಕೆ ಕೋಶ ಒತ್ತಿ ಕೂತಿರುತ್ತದೆ. ಸಂದಿಯ ಸಿಮೆಂಟು ಮುಖ್ಯವಾಗಿ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್. ಅದರಡಿ ಕೊಲಾಜೆನ್, ಲ್ಯಾಮಿನಿನ್‌ಗಳ ತೆಳು ತಳಪೊರೆ. ಗಡ್ಡೆಯ ಅಂಚಿನಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಹೆಚ್ಚಿದರೆ ಕೋಶದೊಳಗೆ ಸ್ನೇಲ್, ಟ್ವಿಸ್ಟ್, ಜೆಬ್-1 ಎಂಬ ನಿಯಂತ್ರಕಗಳು ಎದ್ದು ಇ-ಕ್ಯಾಡ್ಹೆರಿನ್ ಜೀನನ್ನು ಅದುಮುತ್ತವೆ. (ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲೂ ಇದೇ ಟಿಜಿಎಫ್-ಬೀಟಾದ ಕೈವಾಡವಿದೆ.) ಸಂದಿ ಸಡಿಲಾಗಿ ಕೋಶ ಕದಿರಿನಂತೆ ಉದ್ದವಾಗುತ್ತದೆ, ಒಳಗೆ ವೈಮೆಂಟಿನ್ ಎಂಬ ಪ್ರೋಟೀನಿನ ಎಳೆ ತುಂಬುತ್ತದೆ, ಎಂಎಂಪಿ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳು ತಳಪೊರೆಯನ್ನು ಕೊರೆಯುತ್ತವೆ. ಮುಂದೆ ಲಿಂಫ್ ನಾಳ, ರಕ್ತನಾಳ.

ಆದರೆ ಹೊರಟ ಕೋಶವೆಲ್ಲ ಬೇರೂರುವುದಿಲ್ಲ. 2012ರಲ್ಲಿ ಇಲಿಗಳ ಚರ್ಮದ ಸ್ಕ್ವೇಮಸ್ ಗಡ್ಡೆಯ ಮೇಲೆ ನಡೆದ ಪ್ರಯೋಗದಲ್ಲಿ ಟ್ವಿಸ್ಟ್ ಚಾಲೂ ಇದ್ದಾಗ ಕೋಶಗಳು ಹರಡಿದವು. ದೂರದ ಜಾಗದಲ್ಲಿ ಅವು ಗಡ್ಡೆಯಾಗಿ ಬೆಳೆಯಲು ಮಾತ್ರ ಟ್ವಿಸ್ಟ್ ಆರಬೇಕಾಯಿತು. ಹೋಗಲು ಒಂದು ವೇಷ, ನೆಲೆಯೂರಲು ಮತ್ತೆ ಹಳೆಯ ವೇಷ. ಇಎಂಟಿ ತಡೆಯುವ ಔಷಧ ಅಂದುಕೊಂಡಷ್ಟು ಸುಲಭವಲ್ಲದಿರುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ಕೋಶಗಳು ಅರ್ಧ ಮಾತ್ರ ಬದಲಾಗಿ, ಗುಂಪಾಗಿಯೇ ಸಾಗುತ್ತವೆ.

ಇನ್ನು ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿನ ಮಾತು. ಆರೋಗ್ಯವಂತ ಪದರದಲ್ಲಿ ಇ-ಕ್ಯಾಡ್ಹೆರಿನ್ ಬಣ್ಣ ಪ್ರತಿ ಕೋಶದ ಸುತ್ತ ಕಂದು ಗೆರೆಯಾಗಿ, ಬಲೆಯಂತೆ ಕಾಣುತ್ತದೆ. ಗಡ್ಡೆ ಒಳಕ್ಕೆ ನುಗ್ಗುವ ಅಂಚಿನಲ್ಲಿ ಆ ಬಲೆ ಹರಿದಿರುತ್ತದೆ. ವೈಮೆಂಟಿನ್ ಓದುವಾಗ ಎಡವುವುದು ಸುಲಭ: ಸುತ್ತಲಿನ ಫೈಬ್ರೋಬ್ಲಾಸ್ಟ್ (ನಾರು ಹೆಣೆಯುವ ಕೋಶ), ಬಿಳಿ ರಕ್ತಕಣಗಳು ಸಹಜವಾಗಿಯೇ ಪಾಸಿಟಿವ್. ಕಂದಾಗಿದ್ದು ಗಡ್ಡೆಯ ಕೋಶವೇ ಎಂದು, ಪದರದ ಕೋಶಗಳ ಗುರುತಾದ ಸೈಟೋಕೆರಾಟಿನ್ ಬಣ್ಣದೊಡನೆ ತಾಳೆ ನೋಡಬೇಕು. ತುಣುಕನ್ನು ಅದರ ಹತ್ತರಷ್ಟು ಪ್ರಮಾಣದ 10% ಬಫರ್ಡ್ ಫಾರ್ಮಾಲಿನ್‌ನಲ್ಲಿ ಕೂಡಲೇ ಮುಳುಗಿಸದೆ ಬಿಸಿಲಲ್ಲಿ ಸಾಗಿಸಿದ್ದರೆ ಬಣ್ಣ ಸುಮ್ಮನೆ ಮಸುಕಾಗಬಹುದು.

ಹಂತ ನಿರ್ಧರಿಸುವ ಟಿಎನ್‌ಎಂ (ಗಡ್ಡೆ, ಲಿಂಫ್ ಗಂಟು, ದೂರದ ಹರಡುವಿಕೆ) ಲೆಕ್ಕದಲ್ಲಿ ಇಎಂಟಿ ಇಲ್ಲ. ನೀವು ಕೇಳಬೇಕಾದ್ದು: ಹುಣ್ಣು ಎಷ್ಟು ಸೆಂಟಿಮೀಟರ್? ಎಷ್ಟು ಮಿಲಿಮೀಟರ್ ಆಳ (5 ಮತ್ತು 10 ಇಲ್ಲಿ ಮುಖ್ಯ ಗಡಿಗಳು, ಸರಿಯಾದ ಅಳತೆ ಆಪರೇಷನ್ ನಂತರವೇ ಸಿಗುತ್ತದೆ)? ನರದ ಸುತ್ತ ಹಬ್ಬಿದೆಯೇ? ಸ್ಕ್ಯಾನಿನಲ್ಲಿ ಕುತ್ತಿಗೆಯ ಲಿಂಫ್ ಗಂಟು ಹೇಗಿವೆ?

‘ಚೂರಿ ಹಚ್ಚಿದ್ರ ಹರಡ್ತದ’ ಎಂದು ಯಾರಾದರೂ ತಡೆದರೆ ದಯವಿಟ್ಟು ಅವರ ಮಾತು ಕೇಳಬೇಡಿ. ಆರಂಭದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗಂಟುಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕಿದವರು 80%, ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ 67.5%. ಇದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ 2015ರ ಅಧ್ಯಯನ. ಈ ವಾರವೇ ಕಲಬುರಗಿಯ ಕ್ಯಾನ್ಸರ್ ಆಸ್ಪತ್ರೆಗೆ ಹೊರಡಿ. ವರದಿಯ ಜೊತೆ ಸ್ಲೈಡು, ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ.