ಕ್ಷಮೆಗೆ ಪಟ್ಟು ಹಿಡಿಯಬೇಡಿ, ದೂರು ಬರೆಯಿರಿ

ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಿಕ್ಷಕಿಯರ ಬಗ್ಗೆ ಕೀಳಾಗಿ ಮಾತನಾಡಿದ ಆಡಳಿತ ಮಂಡಳಿಯ ಅಧ್ಯಕ್ಷರಿಂದ ಬಹಿರಂಗ ಕ್ಷಮೆಗೆ ಪಟ್ಟು ಹಿಡಿಯಬೇಕೇ, ವಿಡಿಯೊ ನೋಡಿ ಕುಮಟೆಯೇ ನಮ್ಮ ಬೆನ್ನಿಗೆ ನಿಂತಿದೆ ಎಂದು ಕೇಳಿದ್ದೀರಿ. ಊರು ಬೆನ್ನಿಗಿದೆ ಎಂದು ನಾನೂ ನಂಬಿದ್ದೆ.

ನಾನಾಗ ಶಿರಸಿಯ ಒಂದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿದ್ದೆ. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಸುಸ್ತಿ ಸಾಲದ ಮಾತು ಬಂತು. ಅಧ್ಯಕ್ಷರು ಮೈಕ್ ಹಿಡಿದು, ಮಹಿಳಾ ಸಿಬ್ಬಂದಿ ಕುಳಿತಿದ್ದ ಬದಿಗೆ ಕೈ ತೋರಿಸಿ, "ಇವರಿಗೆ ಒಳ್ಳೆಯ ಸೀರೆ ಉಡಿಸಿ ವಸೂಲಿಗೆ ಕಳಿಸಿ. ಸುಸ್ತಿದಾರ ಬಡ್ಡಿ ಸಮೇತ ಕಟ್ಟುತ್ತಾನೆ, ಇನ್ನೊಮ್ಮೆ ಬರಲಿ ಎಂದು ಒಂದು ಕಂತು ಮಾತ್ರ ಬಾಕಿ ಇಟ್ಟುಕೊಳ್ಳುತ್ತಾನೆ" ಎಂದರು. ಸಭೆ ಗೊಳ್ಳೆಂದಿತು. ನಮ್ಮ ವ್ಯವಸ್ಥಾಪಕರು ವರದಿ ಪುಸ್ತಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಭುಜ ಕುಣಿಯುತ್ತಿತ್ತು.

ಯಾರೋ ಸದಸ್ಯರು ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಸಂಜೆಯೊಳಗೆ ಸಿದ್ದಾಪುರ, ಯಲ್ಲಾಪುರ ಮುಟ್ಟಿತು. ಖಂಡನೆ, ಸಹಾಯಕ ಆಯುಕ್ತರಿಗೆ ಮನವಿ, ಪತ್ರಿಕೆಯಲ್ಲಿ ಫೋಟೊ, ಎಲ್ಲವೂ ಆಯಿತು. ಫೋಟೊದಲ್ಲಿ ಮುಂದೆ ನಿಂತವರು ವಿರೋಧಿ ಬಣದವರು. ಮಂಡಳಿಯ ಚುನಾವಣೆ ಹತ್ತಿರವಿತ್ತು ನೋಡಿ. ಅಧ್ಯಕ್ಷರು "ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ" ಎಂದರು, ನಾವು ಗೆದ್ದೆವು ಎಂದುಕೊಂಡೆವು. ಆಮೇಲೆ ಎರಡೂ ಬಣಗಳು ಹೊಂದಾಣಿಕೆ ಮಾಡಿಕೊಂಡವು, ಮಂಡಳಿ ಅವಿರೋಧವಾಗಿ ಆಯ್ಕೆಯಾಯಿತು. ಅಧ್ಯಕ್ಷರು ಅವರೇ.

ನಾನು ಕೆಟ್ಟದ್ದು ಒಂದೇ ಕಡೆ: ಲಿಖಿತ ದೂರು ಕೊಡಲಿಲ್ಲ. ನೀವೂ ಅಲ್ಲೇ ಎಡವುವ ಹಾಗೆ ಕಾಣುವುದರಿಂದ ಇದನ್ನು ಬಿಡಿಸಿಯೇ ಹೇಳುತ್ತೇನೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮೈ ಮುಟ್ಟಿದರೆ ಮಾತ್ರ ಕಿರುಕುಳ ಎಂದೇನೂ ಇಲ್ಲ, ಲೈಂಗಿಕ ಧ್ವನಿಯ ಮಾತೂ ಅದರಲ್ಲಿ ಬರುತ್ತದೆ. ಆದರೆ ದೂರು ಬರವಣಿಗೆಯಲ್ಲಿರಬೇಕು, ಘಟನೆಯಾದ 3 ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ 3 ತಿಂಗಳು ಕೊಡಬಹುದು, ಅದರಾಚೆಗಿಲ್ಲ. ವಿಡಿಯೊ ಇದೆ, ಊರಿಗೆಲ್ಲ ಗೊತ್ತಿದೆ, ಮತ್ತೇಕೆ ಬರೆಯುವುದು ಎಂದು ನಾನು ಸುಮ್ಮನಿದ್ದೆ. ಸಹಾಯಕ ಆಯುಕ್ತರಿಗೆ ಕೊಟ್ಟ ಮನವಿಯನ್ನೇ ದೂರು ಎಂದು ತಿಳಿದಿದ್ದೆ. ಅದರಲ್ಲಿ ನನ್ನ ಸಹಿ ಹೋಗಲಿ, ಹೆಸರೂ ಇರಲಿಲ್ಲ. "ಮಹಿಳಾ ಕುಲಕ್ಕೆ ಅವಮಾನ" ಎಂದಿತ್ತು. ಗಲಾಟೆ ತಣ್ಣಗಾದ ಮೇಲೆ ನನ್ನನ್ನು ಘಟ್ಟದ ಕೆಳಗಿನ ಶಾಖೆಗೆ ಎತ್ತಿ ಹಾಕಿದರು. ಇದು ಸೇಡಿನ ವರ್ಗಾವಣೆ ಎಂದು ತೋರಿಸಲು ಸಭೆಯ ನಡಾವಳಿ ತೆಗೆಸಿ ನೋಡಿದೆ. "ಮಾನ್ಯ ಅಧ್ಯಕ್ಷರು ಸುಸ್ತಿ ಸಾಲದ ವಸೂಲಾತಿ ಕುರಿತು ಸಂದರ್ಭೋಚಿತವಾಗಿ ಮಾತನಾಡಿದರು" ಎಂದಿತ್ತು. ಅಷ್ಟರಲ್ಲಿ 6 ತಿಂಗಳೂ ಕಳೆದಿದ್ದವು. ಮಗುವನ್ನು ಅತ್ತೆಯ ಬಳಿ ಬಿಟ್ಟು ದಿನಾ ದೇವಿಮನೆ ಘಟ್ಟ ಇಳಿದು ಹತ್ತುವುದು ಸಾಧ್ಯವಾಗದೆ ಕೆಲಸ ಬಿಟ್ಟೆ.

ಜನರ ಸಿಟ್ಟು ಎಷ್ಟು ದಿನದ್ದು ಎಂಬುದು ನಮ್ಮ ಶಿರಸಿಯವರಿಗೆ ಗೊತ್ತಿರಬೇಕಿತ್ತು. 2021ರ ಡಿಸೆಂಬರ್ 16ರಂದು ಬೆಳಗಾವಿ ಅಧಿವೇಶನದಲ್ಲಿ, ಮಳೆಹಾನಿ ಚರ್ಚೆಗೆ ಸಮಯ ಹಂಚುವ ಮಾತಿನ ನಡುವೆ, ಕಾಂಗ್ರೆಸ್ ಶಾಸಕರಾಗಿದ್ದ ರಮೇಶ್ ಕುಮಾರ್ ಅತ್ಯಾಚಾರವನ್ನು ತಮಾಷೆಗೆ ಬಳಸಿದರು. ಸಭಾಧ್ಯಕ್ಷರ ಪೀಠದಲ್ಲಿದ್ದ ನಮ್ಮ ಆಗಿನ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿಯವರು ನಕ್ಕರು. ದೇಶವೆಲ್ಲ ಛೀಮಾರಿ ಹಾಕಿತು. ಮರುದಿನ ಸದನದಲ್ಲಿ ಕ್ಷಮೆಯಾಚನೆ ಆಯಿತು, ಇನ್ನು ಇದನ್ನು ಬೆಳೆಸುವುದು ಬೇಡ ಎಂದಾಯಿತು. ಸದನವೇ ಮಹಿಳೆಯರ ಕ್ಷಮೆ ಕೇಳಬೇಕು ಎಂದಿದ್ದ ಖಾನಾಪುರದ ಆಗಿನ ಶಾಸಕಿ ಅಂಜಲಿ ನಿಂಬಾಳ್ಕರ್ 2024ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಕಾಗೇರಿಯವರ ಎದುರೇ ನಿಂತು 3 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಚುನಾವಣೆಗೆ ನೂರೆಂಟು ಕಾರಣಗಳಿರುತ್ತವೆ, ಒಪ್ಪಿದೆ. ಆದರೆ ಆ ನಗೆಯ ಮಾತನ್ನು ಪ್ರಚಾರದ ದಿನಗಳಲ್ಲಿ ನಮ್ಮ ಕೇರಿಯಲ್ಲಿ ಯಾರೂ ಎತ್ತಿದ್ದು ನಾನು ಕೇಳಲಿಲ್ಲ.

ಸದನದೊಳಗಿನ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ಅದರ ಮೇಲೆ ಯಾರೂ ಕೋರ್ಟಿಗೆ ಹೋಗಲಾಗದು. ನಿಮ್ಮ ಅಧ್ಯಕ್ಷರಿಗೆ ಅದಿಲ್ಲ. ಹಾಗಿರುವಾಗ ಕ್ಷಮೆ ಕೇಳಿಸಿಕೊಂಡು ಅವರನ್ನು ಅಗ್ಗದಲ್ಲಿ ಬಿಟ್ಟುಬಿಡುವ ಯೋಚನೆ ನಿಮಗೇಕೆ ಬಂತೋ! ಅವರಾಗಿಯೇ ಕೇಳಿದರೆ ಕೇಳಲಿ, ನೀವು ಅದಕ್ಕಾಗಿ ಒಂದು ಸಂಜೆಯನ್ನೂ ಹಾಳು ಮಾಡಬೇಡಿ. ಮನವಿ ಕೊಡುವವರ ಜೊತೆ ಫೋಟೊಕ್ಕೂ ನಿಲ್ಲಬೇಡಿ.

ಮಾಲೀಕನ ಸ್ಥಾನದಲ್ಲಿರುವವರ ಮೇಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಅಂದರೆ ಕಾರವಾರಕ್ಕೆ. 6 ಪ್ರತಿ ಮಾಡಿಸಿ. ಅವರು ಆಡಿದ ಮಾತನ್ನು ಮರ್ಯಾದೆಗಂಜಿ ತಿದ್ದದೆ ಹಾಗೆಯೇ ಬರೆಯಿರಿ. ಸಾಕ್ಷಿಗಳ ಹೆಸರು, ವಿಳಾಸ ಕೊಡಿ. ನಕ್ಕವರನ್ನೂ ಸಾಕ್ಷಿಯಾಗಿ ಹಾಕಿ, ಸಮಿತಿಯ ಮುಂದೆ ಏಕೆ ನಕ್ಕೆವೆಂದು ಅವರೇ ಹೇಳಲಿ. ಪ್ರತಿಯೊಬ್ಬ ಶಿಕ್ಷಕಿಯೂ ತನ್ನ ದೂರನ್ನು ತಾನೇ ಬರೆದು ಸಹಿ ಹಾಕಿದರೆ ಇನ್ನೂ ಒಳ್ಳೆಯದು. ವಾರ್ಷಿಕೋತ್ಸವ ಯಾವ ತಾರೀಖಿಗೆ ನಡೆಯಿತೆಂದು ನೀವು ಬರೆದಿಲ್ಲ. ಮೊದಲು ಕ್ಯಾಲೆಂಡರ್ ತೆಗೆದು ಅದನ್ನು ನೋಡಿ.