ಹೆಸರಿಲ್ಲದ ಮೇಲ್, ಹೆಸರಿರುವ ಸಿಮ್

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಟ್ಯಾಂಕರ್ ನೀರಿನ ಬಿಲ್ಲಿಗೂ ಬಂದ ಟ್ಯಾಂಕರ್‌ಗಳಿಗೂ ತಾಳೆಯಾಗುತ್ತಿಲ್ಲ. ಎರಡು ತಿಂಗಳು ಬಾಲ್ಕನಿಯಲ್ಲಿ ನಿಂತು ಎಣಿಸಿದ್ದೇನೆ. ಪ್ರೋಟಾನ್ ಮೇಲ್ ಅನ್ನೋ ಇಮೇಲ್ ಸೇವೆಯಲ್ಲಿ ಬೇರೆ ಹೆಸರಿನ ಖಾತೆ ತೆರೆದು ಸಹಕಾರ ಸಂಘಗಳ ರಿಜಿಸ್ಟ್ರಾರ್ ಕಚೇರಿಗೆ ಬರೆಯೋಣ ಅಂತಿದ್ದೇನೆ. ಹೊಸ ಟೆಲಿಕಾಂ ಕಾನೂನಿನಲ್ಲಿ ಸುಳ್ಳು ಹೆಸರು ಕೊಟ್ಟರೆ ದಂಡ ಅಂತ ಮಗ ಹೆದರಿಸುತ್ತಿದ್ದಾನೆ. ಹೌದಾ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಮಗ ಹೇಳಿದ್ದು ಅರ್ಧ ಸರಿ. 2023ರ ದೂರಸಂಪರ್ಕ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಟೆಲಿಕಾಂ ಸೇವೆ ಪಡೆಯುವಾಗ ಗುರುತಿನ ವಿಷಯದಲ್ಲಿ ಸುಳ್ಳು ಹೇಳುವಂತಿಲ್ಲ. 2024ರ ಜೂನ್ 26ರಿಂದ ಜಾರಿಯಲ್ಲಿದೆ. ಸಿಮ್‌ಗೆ ಇದು ಖಂಡಿತ ಅನ್ವಯ. ಇಮೇಲ್‌ಗೂ ಅನ್ವಯವೇ ಅನ್ನೋದೇ ತಕರಾರು. 2022ರ ಕರಡಿನಲ್ಲಿ ಇಮೇಲ್ ಅಂತ ಬಿಡಿಸಿಯೇ ಬರೆದಿದ್ದರು, ಪಾಸಾದ ಕಾಯ್ದೆಯಲ್ಲಿ ಆ ಪದ ಇಲ್ಲ, ಆದರೆ ತಂತಿಯಲ್ಲೋ ರೇಡಿಯೋ ತರಂಗದಲ್ಲೋ ಹೋಗುವ ಯಾವುದೇ ಸಂದೇಶ ಒಳಗೆ ಬರುವಷ್ಟು ಅಗಲವಾದ ಅರ್ಥವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಜಾಣತನ ಅಲ್ವಾ?

ಪ್ರೋಟಾನ್‌ನ ಊರು ಸ್ವಿಟ್ಜರ್ಲೆಂಡ್‌ನಲ್ಲೂ ಇದೇ ಜಗಳ ನಡೆದಿತ್ತು. ಇಮೇಲ್ ಕಂಪನಿ ಟೆಲಿಕಾಂ ಕಂಪನಿಯಲ್ಲ ಅಂತ 2021ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಆದರೂ ಅದೇ ವರ್ಷ ಸ್ವಿಸ್ ಆದೇಶ ಬಂದಾಗ ಫ್ರಾನ್ಸಿನ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಕಂಪನಿ ಕೊಡಬೇಕಾಯಿತು. ನಮ್ಮಲ್ಲಿ ಇಂಥ ಸೇವೆಗಳ ಮೇಲೆ ಸದ್ಯಕ್ಕೆ ಬೀಸುತ್ತಿರುವುದು ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೋಲು. ಒಂದು ಸಂಸ್ಥೆಯ ಮಹಿಳಾ ಸಿಬ್ಬಂದಿ ಬಗ್ಗೆ ಅಶ್ಲೀಲ ಮೇಲ್ ಬಂದ ಪ್ರಕರಣದಲ್ಲಿ, ಆ ಕಾಯ್ದೆಯ 69ಎ ಸೆಕ್ಷನ್ ಅಡಿ ಪ್ರೋಟಾನ್ ಮೇಲ್ ತಡೆಯಲು ಕ್ರಮ ಕೈಗೊಳ್ಳಿ ಅಂತ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ಹೇಳಿತ್ತು.

ನಿಮ್ಮ ವಿಷಯಕ್ಕೆ ಬರೋಣ. ಹೆಸರು ಮುಚ್ಚಿ ದೂರು ಬರೆಯುವುದೇ ಅಪರಾಧವಲ್ಲ. ಹೆಸರು ಮುಚ್ಚಿ ಬೆದರಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 351(4)ರಲ್ಲಿ ಎರಡು ವರ್ಷದವರೆಗೆ ಹೆಚ್ಚುವರಿ ಜೈಲಿದೆ, ಆದ್ದರಿಂದ "ನೋಡ್ಕೋತೀನಿ" ಅನ್ನುವ ಸಾಲು ಬೇಡ. ಮೇಲ್ ಡಬ್ಬಿ ಎಲ್ಲೇ ಇರಲಿ, ನೀವು ಅದನ್ನು ತೆರೆಯುವುದು ಆಧಾರ್ ಕೊಟ್ಟು ತಗೊಂಡ ಸಿಮ್‌ನಿಂದ. ಹಗ್ಗ ಕಟ್ಟಿರುವುದು ಈ ತುದಿಗೆ.

ಅಷ್ಟು ದೂರ ಯಾಕೆ, ನಮ್ಮ ಕಚೇರಿಗೊಮ್ಮೆ "ಒಬ್ಬ ಹಿತೈಷಿ" ಅಂತ ಸಹಿ ಹಾಕಿದ ಮೇಲ್ ಬಂದಿತ್ತು. ಜೊತೆಗಿದ್ದ ವರ್ಡ್ ಫೈಲಿನ ಪ್ರಾಪರ್ಟೀಸ್ ತೆರೆದರೆ ಹಿತೈಷಿಗಳ ಪೂರ್ತಿ ಹೆಸರು, ಇನಿಶಿಯಲ್ ಸಮೇತ! ಟ್ಯಾಂಕರ್ ಫೋಟೋ ಕಳಿಸುತ್ತೀರಾದರೆ ಅದನ್ನೂ ನೋಡಿಕೊಳ್ಳಿ, ನಿಮ್ಮ ಬಾಲ್ಕನಿಯ ತುಳಸಿ ಕುಂಡ ಮೂಲೆಯಲ್ಲಿ ಕಾಣಬಾರದು.

ನನ್ನನ್ನು ಕೇಳಿದರೆ, ಲೆಕ್ಕಪತ್ರ ನೋಡುವ ಹಕ್ಕು ಸದಸ್ಯರಾದ ನಿಮಗೆ ಮಹಾರಾಷ್ಟ್ರದ ಸಹಕಾರ ಕಾನೂನಿನಲ್ಲೇ ಇದೆ. ಹೆಸರು ಹಾಕಿಯೇ ಬಿಲ್ಲುಗಳ ಪ್ರತಿ ಕೇಳಿ. ಎರಡು ತಿಂಗಳು ಬಾಲ್ಕನಿಯಲ್ಲಿ ನಿಂತು ಎಣಿಸಿದವರು ಯಾರು ಅಂತ ನಿಮ್ಮ ವಾಚ್‌ಮನ್‌ಗೆ ಹೇಗೂ ಗೊತ್ತು.